ನಿದ್ದೆಗೆ ಉಸಿರು ಕೊಟ್ಟ ಕ್ಯಾಂಪರ್‌ಡೌನ್

ಸಿಡ್ನಿ ಎಂದೊಡನೆ ಕಣ್ಣ ಮುಂದೆ ಬರುವುದು ಹಾಯಿ ಬಿಚ್ಚಿ ನಿಂತ ಹಡಗಿನಂತಹ ಒಪೆರಾ ಹೌಸ್, ಅದರ ಮಗ್ಗುಲಲ್ಲೇ ಬಿಲ್ಲಿನಂತೆ ಬಾಗಿದ ಹಾರ್ಬರ್ ಸೇತುವೆ, ಬೊಂಡೈ ಕಡಲತೀರ. ಆಸ್ಟ್ರೇಲಿಯಾಕ್ಕೆ ಹೋಗಿಬಂದವರ ಆಲ್ಬಮ್ಮಿನಲ್ಲಿ ಈ ಮೂರು ಚಿತ್ರಗಳು ತಪ್ಪದೆ ಇರುತ್ತವೆ. ಅದೇ ನಗರದ ನಡುಭಾಗದಿಂದ ನೈಋತ್ಯಕ್ಕೆ ಮೂರು-ನಾಲ್ಕು ಕಿಲೋಮೀಟರ್ ದೂರದಲ್ಲಿ ಕ್ಯಾಂಪರ್‌ಡೌನ್ ಎಂಬ ಬಡಾವಣೆಯಿದೆ. ಅದರ ಚಿತ್ರ ಆಲ್ಬಮ್ಮಿನಲ್ಲಿ ಸಿಗುವುದು ಅಪರೂಪ. ಸಮುದ್ರವಿಲ್ಲ, ಸೇತುವೆಯಿಲ್ಲ, ಇರುವುದು ಒಂದು ವಿಶ್ವವಿದ್ಯಾಲಯ, ಒಂದು ಆಸ್ಪತ್ರೆ, ಅವೆರಡನ್ನೂ ಸೇರಿಸುವ ಮಿಸೆಂಡನ್ ರಸ್ತೆ. ಆದರೆ ಇಂದು ಜಗತ್ತಿನಾದ್ಯಂತ ಲಕ್ಷಾಂತರ ಮಂದಿ ರಾತ್ರಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ನೆಮ್ಮದಿಯಿಂದ ನಿದ್ರಿಸುತ್ತಿದ್ದರೆ, ಅದರ ಮೂಲ ಇರುವುದು ಈ ರಸ್ತೆಯಲ್ಲೇ. ಮಾಸ್ಕ್ ಕೈಯಲ್ಲಿದ್ದೂ ಜನ ಅದನ್ನೇಕೆ ಕಟ್ಟಿಕೊಳ್ಳುವುದಿಲ್ಲ ಎಂಬ ಪ್ರಶ್ನೆಗೆ ಒಂದಿಷ್ಟು ಉತ್ತರ ಸಿಕ್ಕಿದ್ದೂ ಇಲ್ಲೇ.

ಕ್ಯಾಂಪರ್‌ಡೌನ್ ತಲುಪುವುದು ಸುಲಭ. ಸೆಂಟ್ರಲ್ ರೈಲು ನಿಲ್ದಾಣದ ಕಡೆಯಿಂದ ಪ್ಯಾರಮಟ್ಟ ರಸ್ತೆಯ ಬಸ್ಸು ಹಿಡಿಯಬಹುದು. ಇಲ್ಲವೆ ನ್ಯೂಟೌನ್ ನಿಲ್ದಾಣದಲ್ಲಿ ಇಳಿದು, ಹಳೆಯ ಅಂಗಡಿ, ಪುಸ್ತಕ ಮಳಿಗೆ, ಹೋಟೆಲುಗಳ ಸಾಲಿನ ಕಿಂಗ್ ಸ್ಟ್ರೀಟಿನಲ್ಲಿ ಸಾಗಿ ಮಿಸೆಂಡನ್ ರಸ್ತೆಗೆ ತಿರುಗಬಹುದು. ಇದು ಮೂಲತಃ ಗ್ಯಾಡಿಗಲ್ ಮೂಲನಿವಾಸಿಗಳ ನೆಲ. ‘ಬೌಂಟಿ’ ಹಡಗಿನ ದಂಗೆಯಿಂದ ಪ್ರಸಿದ್ಧನಾದ ಕ್ಯಾಪ್ಟನ್ ವಿಲಿಯಂ ಬ್ಲೈ ಮುಂದೆ ಇಲ್ಲಿನ ಗವರ್ನರ್ ಆಗಿ ಬಂದ. 1797ರಲ್ಲಿ ತಾನು ಹೋರಾಡಿದ್ದ ನೌಕಾಯುದ್ಧದ ನೆನಪಿಗೆ ತನ್ನ ಪಾಲಿನ ಜಮೀನಿಗೆ ಕ್ಯಾಂಪರ್‌ಡೌನ್ ಎಂದು ಹೆಸರಿಟ್ಟ. ಯುದ್ಧ ಮರೆತುಹೋದರೂ ಹೆಸರು ಉಳಿಯಿತು.

ಗುಂಡೇಟಿನಿಂದ ಹುಟ್ಟಿದ ಆಸ್ಪತ್ರೆ

ಮಿಸೆಂಡನ್ ರಸ್ತೆಯ ರಾಯಲ್ ಪ್ರಿನ್ಸ್ ಆಲ್‌ಫ್ರೆಡ್ ಆಸ್ಪತ್ರೆಯ ಹುಟ್ಟಿನ ಕಥೆಯೇ ಸ್ವಾರಸ್ಯವಾಗಿದೆ. ವಿಕ್ಟೋರಿಯಾ ರಾಣಿಯ ಎರಡನೆಯ ಮಗ ಆಲ್‌ಫ್ರೆಡ್ 1868ರಲ್ಲಿ ಸಿಡ್ನಿಗೆ ಬಂದಿದ್ದ. ಮಾರ್ಚ್ 12ರಂದು ಕ್ಲಾಂಟಾರ್ಫ್ ಎಂಬಲ್ಲಿ ವನಭೋಜನದ ವೇಳೆ ಒಬ್ಬಾತ ರಾಜಕುಮಾರನ ಬೆನ್ನಿಗೆ ಗುಂಡು ಹಾರಿಸಿದ. ರಾಜಕುಮಾರ ಬದುಕಿಕೊಂಡ. ಆ ಸಂತೋಷಕ್ಕೆ ಊರ ಜನ ಚಂದಾ ಎತ್ತಿ ಅವನ ಹೆಸರಿನಲ್ಲಿ ಆಸ್ಪತ್ರೆ ಕಟ್ಟಿಸಲು ಹೊರಟರು. 1882ರಲ್ಲಿ ಅದರ ಬಾಗಿಲು ತೆರೆಯಿತು. ಈಗ ಹಳೆಯ ಕಟ್ಟಡಗಳ ಸುತ್ತ ಹೊಸ ಕಟ್ಟಡಗಳು ಎದ್ದಿವೆ. ಪಕ್ಕದಲ್ಲೇ 1850ರಲ್ಲಿ ಸ್ಥಾಪನೆಯಾದ ಸಿಡ್ನಿ ವಿಶ್ವವಿದ್ಯಾಲಯ ಇರುವುದರಿಂದ ಬಿಳಿ ಕೋಟಿನ ವೈದ್ಯರೂ ಬೆನ್ನಚೀಲದ ವಿದ್ಯಾರ್ಥಿಗಳೂ ಒಂದೇ ಪಾದಚಾರಿ ಹಾದಿಯಲ್ಲಿ ಓಡಾಡುತ್ತಾರೆ.

ಈ ಆಸ್ಪತ್ರೆಯಲ್ಲಿ 1980ರ ಜೂನ್ ತಿಂಗಳ ಒಂದು ರಾತ್ರಿ ನಡೆದ ಸಂಗತಿಯನ್ನು ತಿಳಿಯಬೇಕಾದರೆ ಮೊದಲು ಆ ಕಾಯಿಲೆಯನ್ನು ಅರಿಯಬೇಕು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಬಸ್ಸಿನಲ್ಲಿ ಕೂತೊಡನೆ ತೂಕಡಿಸುವವನನ್ನು, ಮನೆ ನಡುಗುವಂತೆ ಗೊರಕೆ ಹೊಡೆಯುವವನನ್ನು ಕಂಡು ‘ಪುಣ್ಯವಂತ, ಒಳ್ಳೆಯ ನಿದ್ದೆ’ ಎಂದು ಹೊಟ್ಟೆಕಿಚ್ಚು ಪಡುವವರೇ ಹೆಚ್ಚು. ಆದರೆ ಅಂಥವರಲ್ಲಿ ಕೆಲವರಿಗೆ ಇರುವುದು ಹೆಚ್ಚು ನಿದ್ದೆಯಲ್ಲ, ನಿದ್ದೆಯ ಬರ. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ಬಿಗಿಯಾಗಿ ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲಗೊಳ್ಳುತ್ತವೆ. ನೆನೆದು ಮೆತ್ತಗಾದ ಕಾಗದದ ಕೊಳವೆಯಿಂದ ಎಳನೀರನ್ನು ಜೋರಾಗಿ ಹೀರಿದರೆ ಕೊಳವೆಯ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಗಂಟಲೂ ಉಸಿರೆಳೆದುಕೊಳ್ಳುವಾಗ ಮುಚ್ಚಿಕೊಳ್ಳುತ್ತದೆ. ಎದೆ ಎಷ್ಟು ಎಳೆದರೂ ಗಾಳಿ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಅರೆ ಎಚ್ಚರಗೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಇದೇ ಸ್ಲೀಪ್ ಆಪ್ನಿಯಾ.

ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಇಂಥ ತಡೆಗಳು ಗಂಟೆಗೆ 30 ದಾಟಿದರೆ ಕಾಯಿಲೆ ತೀವ್ರವಾಗಿದೆ ಎಂದರ್ಥ. ಏಳು ಗಂಟೆಯ ನಿದ್ದೆಗೆ ಲೆಕ್ಕ ಹಾಕಿದರೆ 210 ಸಲ! ಬೆಳಿಗ್ಗೆ ತಲೆಭಾರ, ಹಗಲು ತೂಕಡಿಕೆ, ಮರೆವು, ಸಿಡುಕು, ಏರುವ ರಕ್ತದೊತ್ತಡ, ವಾಹನ ಓಡಿಸುವಾಗ ಮುಚ್ಚುವ ಕಣ್ಣು ಇವೆಲ್ಲ ಅದರ ಫಲ. ವಿಚಿತ್ರವೆಂದರೆ, ಇದನ್ನು ಮನೆಯವರೆಲ್ಲ ಕಾಣಬಹುದು, ಕಾಣಲಾರದವನು ರೋಗಿಯೊಬ್ಬನೇ. ಏಕೆಂದರೆ ಆಗ ಅವನು ನಿದ್ದೆಯಲ್ಲಿರುತ್ತಾನೆ. ಮುಂದೆ ಚಿಕಿತ್ಸೆಗೆ ಎದುರಾಗುವ ತೊಡಕಿನ ಬೇರು ಇಲ್ಲಿಯೇ ಇದೆ.

ತಿರುಗಿಸಿ ಜೋಡಿಸಿದ ಮೋಟಾರು

1980ರವರೆಗೆ ತೀವ್ರ ಆಪ್ನಿಯಾಕ್ಕೆ ಖಚಿತವಾದ ಚಿಕಿತ್ಸೆ ಎಂದರೆ ಟ್ರಕಿಯಾಸ್ಟಮಿ. ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನೇರವಾಗಿ ನಳಿಕೆ ಇಡುವುದು. ಪ್ರಿನ್ಸ್ ಆಲ್‌ಫ್ರೆಡ್ ಆಸ್ಪತ್ರೆಯಲ್ಲಿದ್ದ ವೈದ್ಯ ಕಾಲಿನ್ ಸಲಿವನ್ ಅದಕ್ಕೂ ಮೊದಲು ಕೆನಡಾದ ಟೊರಾಂಟೊದಲ್ಲಿ ನಾಯಿಗಳು ನಿದ್ರಿಸುವಾಗ ಉಸಿರಾಟ ಹೇಗಿರುತ್ತದೆ ಎಂಬುದನ್ನು ಅಭ್ಯಾಸ ಮಾಡಿದ್ದರು. ನಾಯಿಯ ಮೂತಿಗೆ ಹೊಂದುವ ಮಾಸ್ಕ್ ಮಾಡಿದ ಅನುಭವ ಅವರಿಗೆ ಇತ್ತು. ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿಯನ್ನು ನಿರಂತರವಾಗಿ ಬಿಟ್ಟರೆ ಗಂಟಲು ಮುಚ್ಚದಂತೆ ತಡೆಯಬಹುದಲ್ಲವೆ ಎಂಬುದು ಅವರ ಯೋಚನೆ.

ಆ ಜೂನ್‌ನಲ್ಲಿ ಆಸ್ಪತ್ರೆಗೆ ಬಂದ ರೋಗಿಯೊಬ್ಬ ಕುತ್ತಿಗೆಗೆ ರಂಧ್ರ ಬೇಡವೆಂದ. ಆದರೆ ವೈದ್ಯರು ವಿವರಿಸಿದ ಹೊಸ ಪ್ರಯೋಗಕ್ಕೆ ಕುತೂಹಲದಿಂದ ಒಪ್ಪಿದ. ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಗಾಳಿ ಹೀರುವ ಬದಲು ಊದುವಂತೆ ಜೋಡಿಸಿ, ಕೊಳವೆಯನ್ನು ಮೂಗಿಗೆ ಅಂಟಿಸಿದ ಮಾಸ್ಕಿಗೆ ಸೇರಿಸಿದರು. ಒತ್ತಡ ಒಂದು ಮಟ್ಟಕ್ಕೆ ಏರಿದಂತೆ ಗೊರಕೆ ನಿಂತಿತು, ಉಸಿರು ಸರಾಗವಾಯಿತು. ಅವನು ಗಾಢ ನಿದ್ದೆಗೆ ಇಳಿದ. ಬೆಳಿಗ್ಗೆ ಎದ್ದಾಗ ವರ್ಷಗಳಿಂದ ಕಾಣದ ಲವಲವಿಕೆ ಅವನಲ್ಲಿತ್ತು. ಸಲಿವನ್ ಮತ್ತು ಸಂಗಡಿಗರು ಐವರು ರೋಗಿಗಳ ಫಲಿತಾಂಶವನ್ನು 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಐವರಲ್ಲಿ ಒಬ್ಬ 13 ವರ್ಷದ ಬಾಲಕ. ಇಂಗ್ಲಿಷಿನ ಉದ್ದ ಹೆಸರಿನ ಮೊದಲ ಅಕ್ಷರಗಳಿಂದ ಈ ಚಿಕಿತ್ಸೆಗೆ ‘ಸಿಪ್ಯಾಪ್’ ಎಂಬ ಹೆಸರು ಬಂದಿದೆ.

ಆಗ ಬೇಕಾದ ಒತ್ತಡ ಎಷ್ಟು? 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು. ಇದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಮಾಡಿ ನೋಡಬಹುದು. ಎತ್ತರದ ಲೋಟದಲ್ಲಿ ನೀರು ತುಂಬಿ, ಸ್ಟ್ರಾದ ತುದಿ ನೀರಿನ ಮಟ್ಟದಿಂದ 10 ಸೆಂಟಿಮೀಟರ್ ಕೆಳಗಿರುವಂತೆ ಹಿಡಿದು ಮೆಲ್ಲಗೆ ಊದಬೇಕು. ಮೊದಲ ಗುಳ್ಳೆ ಹೊರಬಿದ್ದಾಗ ಬಾಯಿ ಕೊಟ್ಟ ಒತ್ತಡವೇ 10 ಸೆಂಟಿಮೀಟರ್. ವಾಯುಮಂಡಲದ ಒತ್ತಡದ ಸುಮಾರು ನೂರರಲ್ಲಿ ಒಂದು ಪಾಲು! ಇಷ್ಟು ಸಣ್ಣ ಬಲ ಗಂಟಲಿಗೆ ಒಳಗಿನಿಂದ ಊರುಗೋಲಾಗಿ ನಿಲ್ಲುತ್ತದೆ. ಯಂತ್ರ ರೋಗಿಯ ಬದಲು ಉಸಿರಾಡುವುದಿಲ್ಲ, ಆಮ್ಲಜನಕವನ್ನೂ ಕೊಡುವುದಿಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಿ ಕಳಿಸುತ್ತದೆ, ಅಷ್ಟೆ.

ಜಕರಂದಾ ಕಲಿಸುವ ಪಾಠ

ಆಸ್ಪತ್ರೆಯಿಂದ ವಿಶ್ವವಿದ್ಯಾಲಯದ ಆವರಣಕ್ಕೆ ನಡೆದೇ ಹೋಗಬಹುದು. ಅಲ್ಲಿನ ಹಳೆಯ ಕಟ್ಟಡಗಳ ಚೌಕದ ಮೂಲೆಯಲ್ಲಿ 1928ರಲ್ಲಿ ನೆಟ್ಟ ಜಕರಂದಾ ಮರವೊಂದು ದೀರ್ಘಕಾಲ ನಿಂತಿತ್ತು. ವಸಂತದಲ್ಲಿ, ಅಂದರೆ ಅಲ್ಲಿನ ಅಕ್ಟೋಬರ್-ನವೆಂಬರಿನಲ್ಲಿ, ಅದು ನೇರಳೆ ಹೂವಿನಿಂದ ತುಂಬಿ ನಿಲ್ಲುತ್ತಿತ್ತು. ಅದೇ ಪರೀಕ್ಷೆಯ ಕಾಲ. ‘ಜಕರಂದಾ ಅರಳುವ ಹೊತ್ತಿಗೂ ಓದಲು ಶುರುಮಾಡದವನು ಫೇಲು’ ಎಂಬ ಮಾತು ವಿದ್ಯಾರ್ಥಿಗಳಲ್ಲಿ ರೂಢಿಯಾಗಿತ್ತು. 2016ರ ಅಕ್ಟೋಬರಿನಲ್ಲಿ ಮರ ಉರುಳಿತು. ಮುಂಜಾಗ್ರತೆಯಿಂದ ಅದೇ ಮರದ ಕಸಿ ಮಾಡಿ ಬೆಳೆಸಿದ್ದ ಸಸಿಯನ್ನು 2017ರಲ್ಲಿ ಅದೇ ಜಾಗದಲ್ಲಿ ನೆಟ್ಟರು. ನಮ್ಮ ಬೆಂಗಳೂರಿನಲ್ಲಿಯೂ ಜಕರಂದಾ ಅರಳುವುದು ಪರೀಕ್ಷೆಯ ದಿನಗಳ ಆಸುಪಾಸಿನಲ್ಲೇ ಎಂಬುದನ್ನು ನೆನೆದರೆ ಈ ಮಾತು ಪರಕೀಯ ಎನಿಸುವುದಿಲ್ಲ.

ಓದಬೇಕು ಎಂದು ಗೊತ್ತಿಲ್ಲದ ವಿದ್ಯಾರ್ಥಿ ಎಲ್ಲಿಯೂ ಇಲ್ಲ. ಆದರೂ ಪುಸ್ತಕ ತೆರೆಯುವುದಿಲ್ಲ. ತಿಳಿಯುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಹಳ್ಳವಿದೆ. ಸಿಪ್ಯಾಪ್ ಯಂತ್ರವೂ ಬಿದ್ದದ್ದು ಇದೇ ಹಳ್ಳಕ್ಕೆ.

ಆರಂಭದ ದಿನಗಳಲ್ಲಿ ಪ್ರತಿಯೊಬ್ಬ ರೋಗಿಯ ಮೂಗಿನ ಅಚ್ಚು ತೆಗೆದು ಮಾಸ್ಕ್ ಮಾಡಬೇಕಿತ್ತು. ಪ್ರತಿ ರಾತ್ರಿ ಅದನ್ನು ಅಂಟಿನಿಂದ ಮುಖಕ್ಕೆ ಅಂಟಿಸಿಕೊಂಡು ಬೆಳಿಗ್ಗೆ ಕಿತ್ತು ತೊಳೆಯಬೇಕಿತ್ತು. ಮೋಟಾರಿನ ಸದ್ದು ಬೇರೆ. ಇಷ್ಟಾದರೂ ಮನೆಗೆ ಒಯ್ದು ಬಳಸಿದವರು ಇದ್ದರು. 1989ರಲ್ಲಿ ಪೀಟರ್ ಫ್ಯಾರೆಲ್ ಸಿಡ್ನಿಯಲ್ಲಿ ಸ್ಥಾಪಿಸಿದ ಕಂಪನಿ, ಇಂದಿನ ರೆಸ್‌ಮೆಡ್, ಈ ಯಂತ್ರವನ್ನು ಜಗತ್ತಿಗೆ ಮಾರತೊಡಗಿತು. ಮಾಸ್ಕ್ ಮೃದುವಾಯಿತು, ಯಂತ್ರ ಚಿಕ್ಕದಾಯಿತು, ಸದ್ದು ಪಿಸುಮಾತಿನಷ್ಟಕ್ಕೆ ಇಳಿಯಿತು. ಎಲ್ಲರೂ ತಪ್ಪದೆ ಬಳಸುತ್ತಾರೆ ಎಂದುಕೊಂಡರೆ ಹಾಗಾಗಲಿಲ್ಲ.

1993ರಲ್ಲಿ ಅಮೆರಿಕದ ಸಂಶೋಧಕರು ಯಂತ್ರದೊಳಗೆ ಗುಟ್ಟಾಗಿ ಮೀಟರ್ ಇಟ್ಟು 35 ರೋಗಿಗಳ ಬಳಕೆಯನ್ನು ಅಳೆದರು. ಹತ್ತರಲ್ಲಿ ಏಳು ರಾತ್ರಿಯಾದರೂ ನಾಲ್ಕು ಗಂಟೆ ಬಳಸಿದವರು 16 ಮಂದಿ, ಅರ್ಧಕ್ಕಿಂತ ಕಡಿಮೆ. ರೋಗಿಗಳು ಬಾಯಲ್ಲಿ ಹೇಳಿದ ಲೆಕ್ಕ ಮೀಟರಿಗಿಂತ ದಿನಕ್ಕೆ ಸರಾಸರಿ ಒಂದು ಗಂಟೆಗೂ ಹೆಚ್ಚಿತ್ತು. ಸುಳ್ಳು ಹೇಳಬೇಕೆಂದೇನಲ್ಲ, ನಿದ್ದೆಯಲ್ಲಿ ಕಳಚಿದ್ದು ನೆನಪಿರುವುದಿಲ್ಲ, ಮನಸ್ಸು ತನಗೆ ಬೇಕಾದಂತೆ ಲೆಕ್ಕ ಹಾಕುತ್ತದೆ. 2016ರಲ್ಲಿ ಇಪ್ಪತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗಲೂ ಸುಮಾರು ಮೂರರಲ್ಲಿ ಒಬ್ಬ ರೋಗಿ ಸರಿಯಾಗಿ ಬಳಸುತ್ತಿರಲಿಲ್ಲ. ಯಂತ್ರ ಇಷ್ಟು ಸುಧಾರಿಸಿದರೂ ಆ ಪ್ರಮಾಣ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ. ಎಂದರೆ ತೊಡಕು ಯಂತ್ರದಲ್ಲಷ್ಟೇ ಇಲ್ಲ.

ಮೂರು ನಂಬಿಕೆಗಳು

ಹಾಗಾದರೆ ಎಲ್ಲಿದೆ? ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಒಂದು ವಿಚಾರ ಮಂಡಿಸಿದ್ದರು. ಒಂದು ಕೆಲಸದಿಂದ ಒಳ್ಳೆಯದಾಗುತ್ತದೆ ಎಂದು ನಂಬುವುದು ಬೇರೆ, ಆ ಕೆಲಸವನ್ನು ತಾನು ಮಾಡಬಲ್ಲೆ ಎಂದು ನಂಬುವುದು ಬೇರೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದರಿಂದ ಹೆಚ್ಚು ಉಪಯೋಗವಿಲ್ಲ. ಇದನ್ನು ಆಪ್ನಿಯಾ ರೋಗಿಗಳಿಗೆ ಅನ್ವಯಿಸಿ ಅಮೆರಿಕದ ಟೆರಿ ವೀವರ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಶ್ನಾವಳಿ ರೂಪಿಸಿದರು. ಅದು ಅಳೆಯುವುದು ಮೂರು ಸಂಗತಿಗಳನ್ನು.

ಮೊದಲನೆಯದು, ‘ಇದು ನನಗೆ ಅಪಾಯ’ ಎಂಬ ಅರಿವು. ತನ್ನ ಉಸಿರು ನಿಲ್ಲುವುದನ್ನು ಎಂದೂ ಕಾಣದವನಿಗೆ ಈ ಅರಿವು ತಾನಾಗಿ ಬರುವುದಿಲ್ಲ. ‘ನಮ್ಮ ತಂದೆಯೂ ಹೀಗೇ ಗೊರಕೆ ಹೊಡೆಯುತ್ತಿದ್ದರು’ ಎಂದು ನಕ್ಕುಬಿಡುತ್ತಾನೆ. ಎರಡನೆಯದು, ‘ಇದರಿಂದ ನನಗೆ ಗುಣವಾಗುತ್ತದೆ’ ಎಂಬ ನಿರೀಕ್ಷೆ. ಮಾಸ್ಕ್ ಕಂಡೊಡನೆ ಕೊನೆಗಾಲದ ಆಮ್ಲಜನಕವೆಂದು ಬೆದರುವವನಿಗೂ, ಒಂದೇ ರಾತ್ರಿಯಲ್ಲಿ ಎಲ್ಲ ಸರಿಹೋಗಬೇಕೆಂದು ಬಯಸುವವನಿಗೂ ಈ ನಿರೀಕ್ಷೆ ದಾರಿ ತಪ್ಪಿರುತ್ತದೆ. ಮೂರನೆಯದು, ‘ಕಷ್ಟವಾದರೂ ನಾನು ಕಟ್ಟಿಕೊಳ್ಳಬಲ್ಲೆ’ ಎಂಬ ಆತ್ಮವಿಶ್ವಾಸ. ಮೂಗು ಕಟ್ಟಿದಾಗ, ಪರ ಊರಿಗೆ ಹೋದಾಗ, ಮುಖ ಮುಚ್ಚಿದರೆ ಉಸಿರು ಕಟ್ಟಿದಂತಾಗಿ ಹೆದರಿಕೆಯಾದಾಗ ಪರೀಕ್ಷೆಗೆ ಒಳಗಾಗುವುದು ಇದೇ.

ಇನ್ನೂ ಒಂದು ಸಂಗತಿ ಗಮನಾರ್ಹ. ತಪ್ಪದೆ ಬಳಸುವವರೂ ಬಿಟ್ಟುಬಿಡುವವರೂ ಬೇರೆ ಬೇರೆ ದಾರಿ ಹಿಡಿಯುವುದು ತಿಂಗಳುಗಳ ನಂತರವಲ್ಲ, ಮೊದಲ ವಾರದಲ್ಲೇ ಎಂದು ವೀವರ್ ಅವರ ತಂಡ 1997ರಲ್ಲೇ ತೋರಿಸಿತ್ತು. ಆದ್ದರಿಂದ ಮನಸ್ಸನ್ನು ಸಿದ್ಧಗೊಳಿಸುವ ಕೆಲಸ ಯಂತ್ರ ಮನೆಗೆ ಬರುವ ಮುನ್ನವೇ ಆಗಬೇಕು.

ಮತ್ತೆ ಮಿಸೆಂಡನ್ ರಸ್ತೆಗೆ

ಇದನ್ನು ಪರೀಕ್ಷಿಸಿ ನೋಡಿದವರಲ್ಲಿ ಸಿಡ್ನಿಯವರೇ ಪ್ರಮುಖರು. ಡಯಾನ್ ರಿಚರ್ಡ್ಸ್, ಡೆಲ್ವಿನ್ ಬಾರ್ಟ್‌ಲೆಟ್ ಮತ್ತು ಸಂಗಡಿಗರು 100 ಹೊಸ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ಒಂದೊಂದು ಗಂಟೆಯ ಎರಡು ಸಭೆಗಳು. ಅಲ್ಲಿ ಕಾಯಿಲೆ ಏನು, ಯಂತ್ರ ಏನು ಮಾಡುತ್ತದೆ ಎಂಬುದನ್ನು ವಿವರಿಸಿದರು. ತಪ್ಪು ಕಲ್ಪನೆಗಳನ್ನು ತಿದ್ದಿದರು, ಮೈಮನಸ್ಸು ಸಡಿಲಿಸುವ ವಿಧಾನ ಕಲಿಸಿದರು. ಈಗಾಗಲೇ ಯಂತ್ರ ಬಳಸುತ್ತಿರುವವರು ತಮ್ಮ ಅನುಭವ ಹೇಳುವ ವಿಡಿಯೋ ತೋರಿಸಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. 28 ದಿನಗಳ ಬಳಿಕ ಸಭೆಗೆ ಬಂದವರು ರಾತ್ರಿಗೆ ಸರಾಸರಿ 2.9 ಗಂಟೆ ಹೆಚ್ಚು ಬಳಸುತ್ತಿದ್ದರು. ನಾಲ್ಕು ಗಂಟೆ ಮೀರಿ ಬಳಸಿದವರು ಈ ಗುಂಪಿನಲ್ಲಿ ಶೇಕಡಾ 77, ಇನ್ನೊಂದರಲ್ಲಿ ಶೇಕಡಾ 31. ಚಿಕಿತ್ಸೆಯನ್ನು ಆರಂಭಿಸಲೇ ಇಲ್ಲ ಎನ್ನುವವರು ಇಲ್ಲಿ 4, ಅಲ್ಲಿ 15. ಯಂತ್ರ ಅದೇ, ಮಾಸ್ಕ್ ಅದೇ. ಬದಲಾಗಿದ್ದು ಎರಡು ಗಂಟೆಯ ಮಾತು.

ವಿಜ್ಞಾನ ಒಂದೇ ಫಲಿತಾಂಶಕ್ಕೆ ತೃಪ್ತಿಪಡುವುದಿಲ್ಲ. ಅದೇ ತಂಡ 206 ರೋಗಿಗಳ ಮೇಲೆ ನಡೆಸಿದ ಇನ್ನೊಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಈ ಸಲ ಒಂದು ಗುಂಪಿಗೆ ನಂಬಿಕೆಗಳನ್ನು ತಿದ್ದುವ ಸಭೆ, ಮತ್ತೊಂದಕ್ಕೆ ಅಷ್ಟೇ ಹೊತ್ತು ಬರಿಯ ಒಡನಾಟ. ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ಬಳಕೆ ಚೆನ್ನಾಗಿಯೇ ಇತ್ತು. ಪಾಠ ಹೇಳಿದ್ದಷ್ಟೇ ಅಲ್ಲ, ಒಂದಿಷ್ಟು ಹೊತ್ತು ಕೂರಿಸಿ ಮಾತಾಡಿಸಿದ್ದು, ತನ್ನಂಥವರ ಜೊತೆ ಬೆರೆತದ್ದೂ ಕೆಲಸ ಮಾಡಿರಬಹುದು. ತರಗತಿಯಲ್ಲಿ ಹಿಂದುಳಿದ ಹುಡುಗನ ಪಕ್ಕ ಕೂತು ಲೆಕ್ಕ ಹೇಳಿಕೊಟ್ಟವರಿಗೆ ಇದು ಹೊಸದೇನೂ ಅಲ್ಲ.

ಇಂದಿನ ನಿದ್ರಾ ಚಿಕಿತ್ಸಾಲಯಗಳು ಹೇಳುವ ಉಪಾಯಗಳೂ ಈ ಅರಿವಿನಿಂದ ಬಂದವು. ಮಾಸ್ಕ್ ಕಂಡರೆ ಹೆದರುವವರು ಮೊದಲು ಹಗಲಿನಲ್ಲಿ ಟಿವಿ ನೋಡುತ್ತಲೋ ಪತ್ರಿಕೆ ಓದುತ್ತಲೋ ಹತ್ತು ನಿಮಿಷ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಳ್ಳುವುದು, ಮರುದಿನ ಪಟ್ಟಿ ಕಟ್ಟುವುದು, ಆಮೇಲೆ ಗಾಳಿ ಬಿಡುವುದು, ಕೊನೆಗೆ ಮಲಗುವುದು. ಈಜು ಕಲಿಯುವವನು ಮೊದಲ ದಿನವೇ ನಡು ಬಾವಿಗೆ ಹಾರುವುದಿಲ್ಲವಷ್ಟೆ.

ತೂಕಡಿಸುವ ಮಗು ಸೋಮಾರಿಯೆ?

ಲ್ಯಾನ್ಸೆಟ್ ವರದಿಯ ಆ 13 ವರ್ಷದ ಬಾಲಕನನ್ನು ತಂದೆತಾಯಿಗಳು ಮರೆಯಬಾರದು. ಅಮೆರಿಕದಲ್ಲಿ ಡೇವಿಡ್ ಗೋಜಾಲ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದಿನಲ್ಲಿ ತೀರ ಹಿಂದೆ ಬಿದ್ದ ಒಂದನೆಯ ತರಗತಿಯ 297 ಮಕ್ಕಳನ್ನು ಪರೀಕ್ಷಿಸಿದಾಗ ಶೇಕಡಾ 18ರಷ್ಟು ಮಂದಿಗೆ ನಿದ್ದೆಯಲ್ಲಿ ಉಸಿರಾಟದ ತೊಂದರೆ ಕಂಡುಬಂದಿತ್ತು. ಚಿಕಿತ್ಸೆ ಪಡೆದವರ ಅಂಕಗಳು ಮುಂದಿನ ವರ್ಷ ಏರಿದವು. ಮಕ್ಕಳಲ್ಲಿ ಹೆಚ್ಚಾಗಿ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿಗಳ ಊತ ಇದಕ್ಕೆ ಕಾರಣ. ಅವುಗಳ ಶಸ್ತ್ರಚಿಕಿತ್ಸೆಯೇ ಬಹುಪಾಲು ಸಾಕಾಗುತ್ತದೆ. ದಿನವೂ ಬಾಯಿ ತೆರೆದು ಗೊರಕೆ ಹೊಡೆಯುವ, ಉಸಿರು ತಡೆದು ಹೊರಳಾಡುವ, ಹಗಲು ತೂಕಡಿಸುವ ಇಲ್ಲವೆ ಅತಿಯಾಗಿ ಚಡಪಡಿಸುವ ಮಗುವನ್ನು ಬೈಯುವ ಮುನ್ನ ವೈದ್ಯರಿಗೆ ತೋರಿಸುವುದು ಮೇಲು. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನಮ್ಮಲ್ಲೂ ನಿದ್ರೆಯನ್ನು ಪರೀಕ್ಷಿಸುವ ಪ್ರಯೋಗಾಲಯಗಳಿವೆ.

ದೊಡ್ಡವರ ವಿಷಯದಲ್ಲಿ ಮಕ್ಕಳೂ ನೆರವಾಗಬಹುದು. ಅಪ್ಪನ ಗೊರಕೆ ನಡುವೆ ಇದ್ದಕ್ಕಿದ್ದಂತೆ ನಿಂತು, ಆಮೇಲೆ ಉಸಿರು ಕಟ್ಟಿದವರಂತೆ ಸದ್ದಾಗುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ಅವರಿಗೇ ತೋರಿಸಿದರೆ, ಅವರು ಎಂದೂ ಕಾಣದ್ದನ್ನು ಕಂಡಂತಾಗುತ್ತದೆ. ಮೂರು ನಂಬಿಕೆಗಳಲ್ಲಿ ಮೊದಲನೆಯದು ಅಲ್ಲಿಂದ ಶುರುವಾಗುತ್ತದೆ. ನಗೆಯಾಡಲು ಅಲ್ಲ, ವೈದ್ಯರ ಬಳಿ ಹೊರಡಿಸಲು.

ಸಿಡ್ನಿಗೆ ಹೋಗುವ ಅವಕಾಶ ಸಿಕ್ಕವರು ಕ್ಯಾಂಪರ್‌ಡೌನ್‌ಗೆ ಅರ್ಧ ದಿನ ಮೀಸಲಿಡಬಹುದು. ಅಕ್ಟೋಬರ್ ಕೊನೆಯಾದರೆ ನಗರದ ಬೀದಿಬೀದಿಗಳಲ್ಲೂ ಜಕರಂದಾ ಹೂ. ವಿಶ್ವವಿದ್ಯಾಲಯದ ಚೌಕದಲ್ಲಿ ಸುತ್ತಾಡಿ, ಮಿಸೆಂಡನ್ ರಸ್ತೆಗೆ ಬಂದು ಆಸ್ಪತ್ರೆಯ ಹಳೆಯ ಕಟ್ಟಡವನ್ನು ನೋಡಿ, ಕಿಂಗ್ ಸ್ಟ್ರೀಟಿನಲ್ಲಿ ಕಾಫಿ ಕುಡಿಯಬಹುದು. ಕುತ್ತಿಗೆಗೆ ರಂಧ್ರ ಬೇಡವೆಂದ ಆ ರೋಗಿ 1980ರಲ್ಲಿ ತನಗೆ ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂದು ಕೇಳಿ ತಿಳಿದುಕೊಂಡು ಮಲಗಿದ್ದ. ಮೊದಲ ಸಿಪ್ಯಾಪ್ ಯಂತ್ರ ಮೊದಲ ರಾತ್ರಿಯೇ ಗೆದ್ದದ್ದರಲ್ಲಿ ಮೋಟಾರಿನ ಪಾಲು ಎಷ್ಟಿದೆಯೋ, ಆ ಒಪ್ಪಿಗೆಯ ಪಾಲೂ ಅಷ್ಟೇ ಇದೆ.